ಎಕ್ಸ್‌ವಿ6 ಮುಗಿಸಿದ ಬಗೆ: ಒಂದು ಪುಟ್ಟ ಕರ್ನಲ್‌ನ ಒಳಗೆ ಹೋಗಿಬಂದ ಅನುಭವ

ಅಮೆರಿಕದ ಎಂಐಟಿಯ ಆಪರೇಟಿಂಗ್ ಸಿಸ್ಟಮ್ ತರಗತಿಗೆಂದು ಬರೆದ ಎಕ್ಸ್‌ವಿ6 ಎಂಬ ಪುಟ್ಟ ಕರ್ನಲ್ಲನ್ನು (ಆಪರೇಟಿಂಗ್ ಸಿಸ್ಟಮ್‌ನ ತಿರುಳನ್ನು) ಓದಿ, ಅದರ ಜೊತೆ ಬರುವ ಪ್ರಯೋಗಾಭ್ಯಾಸಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಮುಗಿಸಿ ಈಗಷ್ಟೇ ಉಸಿರು ಬಿಟ್ಟಿದ್ದೇನೆ. ಹಗಲು ಕಂಪನಿಯ ಕೆಲಸ, ರಾತ್ರಿ ಊಟವಾದ ಮೇಲೆ ಇದು ಎಂಬ ಕ್ರಮದಲ್ಲಿ ಮಳೆ ಹಿಡಿದಾಗ ಶುರು ಮಾಡಿದ್ದು ಚಳಿ ಬೀಳುವ ಹೊತ್ತಿಗೆ ಮುಗಿಯಿತು. ಪಾಠದ ವಿಡಿಯೊ, ಪುಸ್ತಕ, ಕೋಡ್ ಎಲ್ಲವೂ ಉಚಿತವಾಗಿ ಸಿಗುತ್ತವೆ. ಸಿಗದೇ ಇರುವುದು ಪಕ್ಕದಲ್ಲಿ ಕೂತು ‘ಇಲ್ಲಿ ಎಲ್ಲರೂ ನಿಲ್ಲುತ್ತಾರೆ, ಗಾಬರಿಯಾಗಬೇಡ’ ಎಂದು ಹೇಳುವವರು. ಒಬ್ಬರೇ ಕೂತು ಇದನ್ನು ಮಾಡಹೊರಟವರಿಗೆ ಆ ಮಾತಿನ ಬದಲಿಗೆ ಈ ಬರಹ ಒದಗಲಿ. ಅಭ್ಯಾಸಗಳ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಉತ್ತರ ಗೊತ್ತಾದ ಮೇಲೆ ಈ ಕೆಲಸದಲ್ಲಿ ಮಾಡಲು ಏನೂ ಉಳಿಯುವುದಿಲ್ಲ; ಎಲ್ಲಿ ಕಾಯಬೇಕಾಗುತ್ತದೆ, ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನಷ್ಟೇ ಬರೆಯುತ್ತೇನೆ.

ಎಂಜಿನಿಯರಿಂಗ್‌ನಲ್ಲಿ ನಾನು ಬರೆದ ಆಪರೇಟಿಂಗ್ ಸಿಸ್ಟಮ್ ಪತ್ರಿಕೆ ಬಹುಮಟ್ಟಿಗೆ ಲೆಕ್ಕದ ಪತ್ರಿಕೆಯಾಗಿತ್ತು. ಬ್ಯಾಂಕರ್ಸ್ ಅಲ್ಗಾರಿದಮ್‌ನ ಕೋಷ್ಟಕ ತುಂಬಿಸುವುದು, ರೌಂಡ್ ರಾಬಿನ್‌ನಲ್ಲಿ ಸರಾಸರಿ ಕಾಯುವ ಕಾಲ ಕಂಡುಹಿಡಿಯುವುದು, ಪೇಜ್ ಬದಲಾವಣೆಯ ಲೆಕ್ಕದಲ್ಲಿ ಚೌಕಟ್ಟು ಹೆಚ್ಚಿಸಿದರೆ ಫಾಲ್ಟ್ ಕೂಡ ಹೆಚ್ಚುವ ಬೆಲಾಡಿಯ ವಿಚಿತ್ರವನ್ನು ತೋರಿಸುವುದು ಇವಿಷ್ಟಕ್ಕೆ ಅಂಕ ಸಿಗುತ್ತಿತ್ತು. ಒಂದು ಪ್ರೋಗ್ರಾಮ್ ಡಿಸ್ಕಿನಿಂದ ಓದಲು ಕೇಳಿದ ಕ್ಷಣದಲ್ಲಿ ಸಿಪಿಯುವಿನ ಒಳಗೆ ಏನಾಗುತ್ತದೆ, ಆ ಪ್ರೋಗ್ರಾಮಿನ ಅರ್ಧಂಬರ್ಧ ಲೆಕ್ಕ ಅಲ್ಲಿಯವರೆಗೆ ಎಲ್ಲಿರುತ್ತದೆ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಲಿನಕ್ಸ್ ಕರ್ನಲ್ಲನ್ನೇ ತೆರೆದು ನೋಡೋಣವೆಂದರೆ ಅದು ಮೂರು ಕೋಟಿ ಸಾಲಿಗೂ ಮೀರಿ ಬೆಳೆದಿದೆ. ಎಕ್ಸ್‌ವಿ6 ಕೆಲವೇ ಸಾವಿರ ಸಾಲು, ಒಟ್ಟು 21 ಸಿಸ್ಟಮ್ ಕಾಲ್ (ಪ್ರೋಗ್ರಾಮ್ ಕರ್ನಲ್‌ನಿಂದ ಕೆಲಸ ಕೇಳುವ ಕರೆ). ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಪಿಡಿಪಿ-11 ಯಂತ್ರಕ್ಕೆ ಬರೆದು 1975ರಲ್ಲಿ ಹೊರಬಂದ ಯುನಿಕ್ಸ್ ಆರನೇ ಆವೃತ್ತಿಯ ಮಾದರಿಯಲ್ಲೇ, ಇಂದಿನ ಸಿ ಭಾಷೆಯಲ್ಲಿ, 2006ರಲ್ಲಿ ಇದನ್ನು ಹೊಸದಾಗಿ ಬರೆದರು. ಮೊದಲು ಇಂಟೆಲ್ ಎಕ್ಸ್86ಕ್ಕೆ ಇದ್ದದ್ದು 2019ರಿಂದ ರಿಸ್ಕ್-ಫೈವ್ ಎಂಬ ಪ್ರೊಸೆಸರ್ ವಿನ್ಯಾಸಕ್ಕೆ ಬದಲಾಯಿತು. ಈ ಬದಲಾವಣೆ ನಮ್ಮಂಥವರಿಗೆ ದೊಡ್ಡ ಉಪಕಾರ: ಎಕ್ಸ್86ರಲ್ಲಿ ಹಳೆಯ ಕಾಲದಿಂದ ಹೊತ್ತುಕೊಂಡು ಬಂದ ಸೆಗ್ಮೆಂಟು, 16 ಬಿಟ್ ಮೋಡು ಇತ್ಯಾದಿಗಳನ್ನು ದಾಟುವುದರಲ್ಲೇ ಉತ್ಸಾಹ ಅರ್ಧ ಇಳಿದುಹೋಗುತ್ತದೆ, ರಿಸ್ಕ್-ಫೈವ್‌ನಲ್ಲಿ ಆ ಹೊರೆ ಇಲ್ಲ.

ಮೊದಲ ತೊಡಕು ಕರ್ನಲ್‌ನದ್ದಲ್ಲ, ಉಪಕರಣಗಳದ್ದು. ನಿಮ್ಮ ಲ್ಯಾಪ್‌ಟಾಪ್ ಇಂಟೆಲ್‌ನದಾದ್ದರಿಂದ ರಿಸ್ಕ್-ಫೈವ್‌ಗೆ ಕಂಪೈಲ್ ಮಾಡುವ ಬೇರೆ ಜಿಸಿಸಿ ಬೇಕು, ಆ ಯಂತ್ರವನ್ನು ನಟಿಸುವ ಕ್ಯೂಎಮು ಬೇಕು, ಕೋಡನ್ನು ಹೆಜ್ಜೆಹೆಜ್ಜೆಗೆ ನಿಲ್ಲಿಸಿ ನೋಡಲು ರಿಸ್ಕ್-ಫೈವ್ ಅರಿಯುವ ಜಿಡಿಬಿ ಬೇಕು. ಹಲವು ಮಾರ್ಗದರ್ಶಿಗಳು ಈ ಜಿಸಿಸಿಯನ್ನು ಮೂಲ ಕೋಡಿನಿಂದಲೇ ಕಟ್ಟಿಕೊಳ್ಳಿ ಎನ್ನುತ್ತವೆ. ದಯವಿಟ್ಟು ಮಾಡಬೇಡಿ, ಇಳಿಸಿಕೊಳ್ಳುವ ಭಾಗವೇ ಹಲವು ಜಿಬಿ ಆಗುತ್ತದೆ, ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅದು ರಾತ್ರಿಯಿಡೀ ಓಡಿ ಬೆಳಿಗ್ಗೆ ಡಿಸ್ಕಿನಲ್ಲಿ ಜಾಗವಿಲ್ಲವೆಂದು ನಿಂತಿತ್ತು. ಉಬುಂಟು ಮತ್ತು ಡೆಬಿಯನ್‌ಗಳಲ್ಲಿ ಸಿದ್ಧ ಪ್ಯಾಕೇಜ್ ಇದೆ, ಎಕ್ಸ್‌ವಿ6ಗೆ ಅದೇ ಸಾಕು. ಎರಡನೆಯ ಸಂಗತಿ ಕ್ಯೂಎಮುವಿನ ಆವೃತ್ತಿ. ಈಚಿನ ಎಕ್ಸ್‌ವಿ6 ಗಡಿಯಾರದ ಇಂಟರಪ್ಟನ್ನು (ನಡೆಯುತ್ತಿರುವ ಕೆಲಸವನ್ನು ತಡೆದು ಬರುವ ಸಂಕೇತವನ್ನು) ಕರ್ನಲ್ ಓಡುವ ಸೂಪರ್‌ವೈಸರ್ ಮೋಡಿನಲ್ಲೇ ಪಡೆಯುವ ಹೊಸ ಸೌಲಭ್ಯವನ್ನು ಬಳಸುತ್ತದೆ. ಅದು ಕ್ಯೂಎಮು 7.2 ಅಥವಾ ಅದಕ್ಕಿಂತ ಹೊಸದರಲ್ಲಿ ಮಾತ್ರ ಇದೆ. ಉಬುಂಟು 22.04ರಲ್ಲಿ ಬರುವುದು 6.2. ಉಬುಂಟು 24.04ಕ್ಕೆ ಏರಿದರೆ ಈ ಸಮಸ್ಯೆ ತಾನಾಗಿ ಹೋಗುತ್ತದೆ, ನಾನು ಹಾಗೆಯೇ ಮಾಡಿದೆ. ಜಿಡಿಬಿ ಕೂಡ ಒಂದು ಸಣ್ಣ ಆಟ ಆಡುತ್ತದೆ: ಎಕ್ಸ್‌ವಿ6ನ ಡೈರೆಕ್ಟರಿಯಲ್ಲಿರುವ ಆರಂಭಿಕ ಫೈಲನ್ನು ಅದು ಸುರಕ್ಷತೆಯ ಕಾರಣಕ್ಕೆ ಓದುವುದಿಲ್ಲ, ಓದಲಿಲ್ಲವೆಂದು ಹೇಳುವ ಸಾಲು ಉಳಿದ ಸಾಲುಗಳ ನಡುವೆ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಹೋಮ್ ಡೈರೆಕ್ಟರಿಯ ಜಿಡಿಬಿ ಫೈಲಿನಲ್ಲಿ ಈ ಜಾಗ ನಂಬಿಕೆಯದು ಎಂದು ಒಂದು ಸಾಲು ಸೇರಿಸಿದರೆ ಮುಗಿಯಿತು.

ಓದಬೇಕಾದ ದಾಖಲೆಗಳು ಎರಡೇ. ಒಂದು, ರಸ್ ಕಾಕ್ಸ್, ಫ್ರಾನ್ಸ್ ಕಾಶೂಕ್ ಮತ್ತು ರಾಬರ್ಟ್ ಮೋರಿಸ್ ಬರೆದಿರುವ ಎಕ್ಸ್‌ವಿ6ನ ಪುಸ್ತಕ. ನೂರು ಪುಟಗಳ ಆಸುಪಾಸಿನದು. ಇನ್ನೊಂದು, ರಿಸ್ಕ್-ಫೈವ್‌ನ ಪ್ರಿವಿಲೆಜ್ಡ್ ಕೈಪಿಡಿ. ಪುಸ್ತಕವನ್ನು ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಬದಿಗೆ ಮುದ್ರಿಸಿ ಸ್ಪೈರಲ್ ಹಾಕಿಸಿಕೊಂಡೆ, ಇಡೀ ಪ್ರಯಾಣದಲ್ಲಿ ಹಣ ಕೊಟ್ಟು ಪಡೆದದ್ದರಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಅದೇ. ಪರದೆಯ ಒಂದು ಕಡೆ ಕೋಡ್, ಇನ್ನೊಂದು ಕಡೆ ಜಿಡಿಬಿ ಇರುವಾಗ ಪುಸ್ತಕಕ್ಕೆ ಜಾಗ ಮೇಜಿನ ಮೇಲೆಯೇ ಇರಬೇಕು. ಕೈಪಿಡಿಯಲ್ಲಿ ಸೂಪರ್‌ವೈಸರ್ ಅಧ್ಯಾಯವನ್ನಷ್ಟೇ ಓದಿದರೆ ಸಾಲುತ್ತದೆ. ಒಂದು ಎಚ್ಚರಿಕೆ: ಪುಸ್ತಕ ವರ್ಷವರ್ಷ ತಿದ್ದುಪಡಿಯಾಗುತ್ತದೆ, ಕೋಡ್ ಕೂಡ. ಎರಡೂ ಒಂದೇ ವರ್ಷದವಾಗಿರಲಿ, ಇಲ್ಲದಿದ್ದರೆ ಪುಸ್ತಕ ವಿವರಿಸುವ ಸಾಲು ಕೋಡಿನಲ್ಲಿ ಇರುವುದೇ ಇಲ್ಲ.

‘ಎಕ್ಸ್‌ವಿ6 ಕರ್ನಲ್ ಈಸ್ ಬೂಟಿಂಗ್’ ಎಂಬ ಸಾಲು, ಅದರ ಹಿಂದೆ ಹಾರ್ಟ್ 1, ಹಾರ್ಟ್ 2 ಶುರುವಾದವೆಂಬ ಎರಡು ಸಾಲು, ಆಮೇಲೆ ಒಂದು ಡಾಲರ್ ಚಿಹ್ನೆ ಇಷ್ಟು ಕಂಡ ರಾತ್ರಿ ನಿಜಕ್ಕೂ ಖುಷಿಯಾಯಿತು. ರಿಸ್ಕ್-ಫೈವ್‌ನವರ ಭಾಷೆಯಲ್ಲಿ ಹಾರ್ಟ್ ಎಂದರೆ ಒಂದು ಸಿಪಿಯು ಎಂದು ತಿಳಿಯಿರಿ. ಹೊರಬರುವುದು ಹೇಗೆಂದು ತಿಳಿಯದೆ ಟರ್ಮಿನಲ್ ಕಿಟಕಿಯನ್ನೇ ಮುಚ್ಚಬೇಡಿ, ಕಂಟ್ರೋಲ್ ಹಿಡಿದು ಎ ಒತ್ತಿ, ಬಿಟ್ಟು ಎಕ್ಸ್ ಒತ್ತಬೇಕು.

ಮೊದಲ ಅಭ್ಯಾಸ ಕರ್ನಲ್‌ನ ಹೊರಗೇ ಇರುತ್ತದೆ: ಓಡುತ್ತಿರುವ ಪ್ರೋಗ್ರಾಮಿನ, ಅಂದರೆ ಪ್ರೊಸೆಸ್‌ನ, ಪ್ರತಿ ಮಾಡುವ ಫೋರ್ಕ್ ಮತ್ತು ಪ್ರೊಸೆಸ್‌ಗಳ ನಡುವೆ ಡೇಟಾ ಸಾಗಿಸುವ ಪೈಪ್ ಬಳಸಿ ಅವಿಭಾಜ್ಯ ಸಂಖ್ಯೆಗಳನ್ನು ಜರಡಿ ಹಿಡಿಯುವ ಪ್ರೋಗ್ರಾಮ್ ಇತ್ಯಾದಿ. ಇಲ್ಲಿ ಗಮನಿಸಬೇಕಾದದ್ದು ಒಂದೇ. ಪೈಪಿನ ಬರೆಯುವ ತುದಿಯನ್ನು ಹಿಡಿದಿರುವ ಪ್ರೊಸೆಸ್ ಒಂದಾದರೂ ಇರುವವರೆಗೆ ಓದುವವನಿಗೆ ಮುಗಿಯಿತೆಂಬ ಸೊನ್ನೆ ಸಿಗುವುದಿಲ್ಲ. ಫೋರ್ಕ್ ಆದ ಮಗು ಆ ತುದಿಯ ಪ್ರತಿಯನ್ನೂ ಪಡೆದಿರುತ್ತದೆ ಎಂಬುದು ಮರೆತುಹೋದರೆ ಪ್ರೋಗ್ರಾಮ್ ಸುಮ್ಮನೆ ಕಾಯುತ್ತಾ ನಿಲ್ಲುತ್ತದೆ. ಒಂದು ಪ್ರೊಸೆಸ್‌ಗೆ 16 ಫೈಲ್ ಮಾತ್ರ ತೆರೆಯಲು ಅವಕಾಶವಿರುವುದರಿಂದ ಮುಚ್ಚದೆ ಬಿಟ್ಟ ತುದಿಗಳು ಬೇಗನೆ ಸೇಡು ತೀರಿಸಿಕೊಳ್ಳುತ್ತವೆ. ಸಿಸ್ಟಮ್ ಕಾಲ್ ಸೇರಿಸುವ ಎರಡನೆಯ ಅಭ್ಯಾಸ ಹಲವು ಫೈಲುಗಳಲ್ಲಿ ತಲಾ ಒಂದೊಂದು ಸಾಲು ಸೇರಿಸುವ ಗುಮಾಸ್ತಗಿರಿ. ಇಲ್ಲಿಯವರೆಗೆ ಸುಲಭ, ಹಾಗಾಗಿ ಮುಂದಿನದೂ ಹೀಗೆಯೇ ಎಂದುಕೊಳ್ಳುತ್ತೇವೆ.

ಪೇಜ್ ಟೇಬಲ್ ಅಭ್ಯಾಸದಿಂದ ನಿಜವಾದ ಕೆಲಸ ಶುರು. ಪ್ರೋಗ್ರಾಮ್ ಬಳಸುವ ವರ್ಚುವಲ್ ವಿಳಾಸವನ್ನು ರ‍್ಯಾಮ್‌ನ ಭೌತಿಕ ವಿಳಾಸಕ್ಕೆ ಜೋಡಿಸುವ ಪಟ್ಟಿಯೇ ಪೇಜ್ ಟೇಬಲ್. ಎಸ್‌ವಿ39 ಎಂಬ ವ್ಯವಸ್ಥೆಯಲ್ಲಿ ವರ್ಚುವಲ್ ವಿಳಾಸದ 39 ಬಿಟ್‌ಗಳಲ್ಲಿ ಕೊನೆಯ 12 ಬಿಟ್ 4096 ಬೈಟಿನ ಪುಟದೊಳಗಿನ ಸ್ಥಾನ. ಉಳಿದ 27 ಬಿಟ್ ಒಂಬತ್ತೊಂಬತ್ತಾಗಿ ಮೂರು ಹಂತದ ಟೇಬಲ್‌ಗಳಲ್ಲಿ ದಾರಿ ತೋರಿಸುತ್ತವೆ. ಪ್ರತಿ ಟೇಬಲ್‌ನಲ್ಲಿ 512 ನಮೂದು, ನಮೂದಿಗೆ 8 ಬೈಟು, ಹಾಗಾಗಿ ಟೇಬಲ್ ಕೂಡ ಸರಿಯಾಗಿ ಒಂದು ಪುಟ. ಕಾಗದದ ಮೇಲೆ ಒಂದು ವಿಳಾಸವನ್ನು ತೆಗೆದುಕೊಂಡು ಕೈಯಾರೆ ಈ ಮೂರು ಹಂತ ಇಳಿದು ನೋಡಿ. ಆ ಒಂದು ಸಂಜೆ ಮುಂದಿನ ವಾರಗಳನ್ನು ಉಳಿಸುತ್ತದೆ. ಗೊಂದಲ ಹುಟ್ಟುವುದು ಬೇರೆ ಕಡೆ. ಟೇಬಲ್‌ನ ಒಳಗಿರುವುದು ಭೌತಿಕ ವಿಳಾಸ, ಆದರೆ ಟೇಬಲ್ ಓದುವ ಕರ್ನಲ್ ಕೋಡ್ ಕೂಡ ವರ್ಚುವಲ್ ವಿಳಾಸದಲ್ಲೇ ಓಡುತ್ತಿದೆಯಲ್ಲ, ಮತ್ತೆ ಆ ಭೌತಿಕ ವಿಳಾಸವನ್ನು ಪಾಯಿಂಟರ್‌ನಂತೆ ಬಳಸುವುದು ಹೇಗೆ? ಎಕ್ಸ್‌ವಿ6 ಕರ್ನಲ್ ತನ್ನ ಪೇಜ್ ಟೇಬಲ್‌ನಲ್ಲಿ ರ‍್ಯಾಮ್‌ನ ಪ್ರತಿ ಪುಟವನ್ನೂ ಅದರ ಭೌತಿಕ ವಿಳಾಸಕ್ಕೇ ಜೋಡಿಸಿಕೊಂಡಿರುತ್ತದೆ, ಆದ್ದರಿಂದ ಎರಡೂ ಸಂಖ್ಯೆ ಒಂದೇ ಆಗಿರುತ್ತವೆ. ಇದು ಪುಸ್ತಕದಲ್ಲಿ ಎರಡು ವಾಕ್ಯದಲ್ಲಿ ಇದೆ. ಅದನ್ನು ದಾಟಿ ಹೋದವರಿಗೆ ಆಮೇಲಿನ ಯಾವ ಕೋಡೂ ಅರ್ಥವಾಗುವುದಿಲ್ಲ.

ಈ ಹಂತದಲ್ಲಿ ನನಗೆ ಹೊಳೆದದ್ದು, ಮತ್ತು ಮುಂದೆ ಪ್ರತಿ ಅಭ್ಯಾಸದಲ್ಲೂ ದೃಢವಾದದ್ದು ಹೀಗಿದೆ: ಕರ್ನಲ್‌ನ ಬಹುಪಾಲು ಕೋಡ್ ಸಾಧಾರಣ ಸಿ ಕೋಡೇ, ಕಂಪನಿಯಲ್ಲಿ ನಾವು ಬರೆಯುವುದಕ್ಕಿಂತ ಸರಳ. ಕಷ್ಟವೆಲ್ಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವ ಕೆಲವೇ ಸಾಲುಗಳಲ್ಲಿ ಮಡುಗಟ್ಟಿ ನಿಂತಿದೆ. ಬಳಕೆದಾರನ ಪ್ರೋಗ್ರಾಮಿನಿಂದ ಕರ್ನಲ್‌ಗೆ, ಒಂದು ಪ್ರೊಸೆಸ್‌ನಿಂದ ಇನ್ನೊಂದಕ್ಕೆ, ಮೆಮೊರಿಯಿಂದ ಡಿಸ್ಕಿಗೆ. ಆ ಸಾಲುಗಳಲ್ಲಿ ಹಳೆಯ ನಿಯಮ ಮುಗಿದಿರುತ್ತದೆ, ಹೊಸದು ಇನ್ನೂ ಜಾರಿಗೆ ಬಂದಿರುವುದಿಲ್ಲ. ಹಾಗಾಗಿ ಓದುವಾಗ ಫೈಲಿನ ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಹೋಗದೆ, ದಾಟುವ ಜಾಗವನ್ನು ಮೊದಲು ಹುಡುಕಿ ಅಲ್ಲಿ ಕೂರುವುದು ಲಾಭದ ದಾರಿ.

ಮೊದಲನೆಯ ದಾಟುವಿಕೆ, ಬಳಕೆದಾರನ ಪ್ರೋಗ್ರಾಮಿನಿಂದ ಕರ್ನಲ್‌ಗೆ ಹೋಗುವ ಟ್ರ್ಯಾಪ್. ಪ್ರೋಗ್ರಾಮ್ ಇಕಾಲ್ ಎಂಬ ಸೂಚನೆಯನ್ನು ಕೊಟ್ಟಾಗ ಯಂತ್ರ ಮಾಡುವ ಕೆಲಸ ಅಚ್ಚರಿ ಹುಟ್ಟಿಸುವಷ್ಟು ಕಡಿಮೆ. ನಿಂತ ಜಾಗದ ವಿಳಾಸವನ್ನು ಎಸ್‌ಇಪಿಸಿ ಎಂಬ ರಿಜಿಸ್ಟರ್‌ನಲ್ಲಿ (ಸಿಪಿಯುವಿನೊಳಗಿನ ಪುಟ್ಟ ಸಂಗ್ರಹದಲ್ಲಿ) ಬರೆದಿಡುತ್ತದೆ, ಕಾರಣವನ್ನು ಎಸ್‌ಕಾಸ್‌ನಲ್ಲಿ ಬರೆಯುತ್ತದೆ, ಇಂಟರಪ್ಟ್ ತಡೆದು ಸೂಪರ್‌ವೈಸರ್ ಮೋಡಿಗೆ ಏರಿ, ಎಸ್‌ಟಿವೆಕ್ ಹೇಳುವ ವಿಳಾಸಕ್ಕೆ ಹಾರುತ್ತದೆ. ಅಷ್ಟೇ. ಸ್ಟ್ಯಾಕ್ ಬದಲಾಗುವುದಿಲ್ಲ, ಪೇಜ್ ಟೇಬಲ್ ಬದಲಾಗುವುದಿಲ್ಲ, ಸಾಮಾನ್ಯ ರಿಜಿಸ್ಟರ್‌ಗಳಲ್ಲಿ ಒಂದನ್ನೂ ಯಾರೂ ಉಳಿಸಿಕೊಡುವುದಿಲ್ಲ. ಅಂದರೆ ಕರ್ನಲ್‌ನ ಮೊದಲ ಸೂಚನೆ ಬಳಕೆದಾರನ ಪೇಜ್ ಟೇಬಲ್‌ನ ಮೇಲೆ ಓಡಬೇಕು, ಎಲ್ಲ ರಿಜಿಸ್ಟರ್‌ಗಳಲ್ಲೂ ಬಳಕೆದಾರನ ಮೌಲ್ಯಗಳೇ ತುಂಬಿವೆ, ಅವುಗಳಲ್ಲಿ ಒಂದನ್ನೂ ಕೆಡಿಸುವಂತಿಲ್ಲ. ಆದರೆ ಅವುಗಳನ್ನು ಮೆಮೊರಿಗೆ ಉಳಿಸಬೇಕಾದರೆ ಎಲ್ಲಿಗೆ ಎಂದು ಹೇಳಲು ಒಂದು ರಿಜಿಸ್ಟರ್ ಖಾಲಿ ಬೇಕು. ಈ ಬಿಕ್ಕಟ್ಟಿನ ಮುಂದೆ ನಾನು ಹಲವು ರಾತ್ರಿ ಕೂತೆ. ಪುಸ್ತಕ ಮುಚ್ಚಿ, ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಬರೆದುನೋಡಿದೆ, ಆಗಲಿಲ್ಲ. ನೀವೂ ಪುಸ್ತಕದ ಉತ್ತರ ಓದುವ ಮೊದಲು ಒಮ್ಮೆ ಪ್ರಯತ್ನಿಸಿ.

ಉತ್ತರದ ಮೊದಲ ಅರ್ಧ ಎಸ್‌ಸ್ಕ್ರ್ಯಾಚ್ ಎಂಬ, ಕರ್ನಲ್‌ಗೆ ಮಾತ್ರ ಸಿಗುವ ಒಂದು ಹೆಚ್ಚುವರಿ ರಿಜಿಸ್ಟರ್. ಎ0 ರಿಜಿಸ್ಟರ್‌ನ ಮೌಲ್ಯವನ್ನು ಅದರೊಳಗೆ ತಳ್ಳಿದರೆ ಎ0 ಖಾಲಿಯಾಗುತ್ತದೆ; ಆಗ ಅದರಲ್ಲಿ, ರಿಜಿಸ್ಟರ್‌ಗಳನ್ನು ಉಳಿಸಲೆಂದು ಇರುವ ಟ್ರ್ಯಾಪ್‌ಫ್ರೇಮ್ ಪುಟದ ವಿಳಾಸವನ್ನು ತುಂಬಬಹುದು. ಆ ವಿಳಾಸ ಎಲ್ಲ ಪ್ರೊಸೆಸ್‌ಗಳಲ್ಲೂ ಒಂದೇ, ಆದರೆ ಒಬ್ಬೊಬ್ಬರಿಗೆ ಹಿಂದಿರುವ ಭೌತಿಕ ಪುಟ ಬೇರೆ, ಆದ್ದರಿಂದ ಯಾವ ಪ್ರೊಸೆಸ್ ಎಂದು ತಿಳಿಯದೆಯೂ ಸರಿಯಾದ ಜಾಗಕ್ಕೆ ಬರೆಯಬಹುದು. ಅಲ್ಲಿಂದ ಒಂದಾದ ಮೇಲೊಂದರಂತೆ ರಿಜಿಸ್ಟರ್‌ಗಳು ಉಳಿಯುತ್ತವೆ, ಕೊನೆಯಲ್ಲಿ ಎಸ್‌ಸ್ಕ್ರ್ಯಾಚ್‌ನೊಳಗಿನ ಹಳೆಯ ಎ0 ಕೂಡ. ಉತ್ತರದ ಇನ್ನೊಂದು ಅರ್ಧ ಇನ್ನೂ ಸೊಗಸಾದದ್ದು. ಪೇಜ್ ಟೇಬಲ್ ಬದಲಿಸುವ ಸೂಚನೆ ಓಡಿದ ಮರುಕ್ಷಣವೇ ಮುಂದಿನ ಸೂಚನೆಯನ್ನು ಹೊಸ ಟೇಬಲ್‌ನ ಪ್ರಕಾರ ಓದಬೇಕಾಗುತ್ತದೆ; ಅಲ್ಲಿ ಆ ವಿಳಾಸದಲ್ಲಿ ಅದೇ ಕೋಡ್ ಇಲ್ಲದಿದ್ದರೆ ಯಂತ್ರ ಶೂನ್ಯಕ್ಕೆ ಬೀಳುತ್ತದೆ. ಅದಕ್ಕಾಗಿ ಟ್ರ್ಯಾಂಪೊಲಿನ್ ಎಂಬ ಒಂದೇ ಒಂದು ಪುಟವನ್ನು ಕರ್ನಲ್‌ನಲ್ಲೂ ಪ್ರತಿ ಪ್ರೊಸೆಸ್‌ನಲ್ಲೂ ವಿಳಾಸಗಳ ತುತ್ತತುದಿಯಲ್ಲಿ ಒಂದೇ ಜಾಗಕ್ಕೆ ಜೋಡಿಸಿರುತ್ತಾರೆ. ಒಂದು ದೋಣಿಯಿಂದ ಇನ್ನೊಂದಕ್ಕೆ ಕಾಲಿಡುವಾಗ ಎರಡಕ್ಕೂ ತಾಗಿಸಿ ಹಾಕಿದ ಹಲಗೆ ಅದು. ಬಳಕೆದಾರನ ಟೇಬಲ್‌ನಲ್ಲಿದ್ದರೂ ಬಳಕೆದಾರನ ಅನುಮತಿಯ ಬಿಟ್ ಅದಕ್ಕಿಲ್ಲ, ಆದ್ದರಿಂದ ಪ್ರೋಗ್ರಾಮ್ ಅದನ್ನು ಮುಟ್ಟಲಾರದು. ಜಿಡಿಬಿಯಲ್ಲಿ ಒಂದೊಂದೇ ಸೂಚನೆ ಮುಂದಿಡುತ್ತ ಯಾವ ಪೇಜ್ ಟೇಬಲ್ ಎಂದು ಹೇಳುವ ಎಸ್‌ಎಟಿಪಿ ರಿಜಿಸ್ಟರ್ ಬದಲಾದ ಕ್ಷಣದಲ್ಲಿ ಪ್ರೋಗ್ರಾಮ್ ಕೌಂಟರ್ ಏನೂ ಆಗದಂತೆ ನಾಲ್ಕು ಬೈಟು ಮುಂದೆ ಹೋದದ್ದನ್ನು ನೋಡಿದಾಗ, ಇಷ್ಟು ವರ್ಷ ಈ ಕೆಲಸದಲ್ಲಿದ್ದೂ ಕಾಣದ ಒಂದು ಜಾಗಕ್ಕೆ ಬಂದೆ ಅನ್ನಿಸಿತು.

ಇಲ್ಲಿಂದ ಮುಂದೆ ಕರ್ನಲ್ ಪದೇಪದೇ ಸಾಯುತ್ತದೆ, ಅದಕ್ಕೆ ಸಿದ್ಧರಾಗಿರಿ. ಸಾಯುವಾಗ ಅದು ಎಸ್‌ಕಾಸ್, ಎಸ್‌ಇಪಿಸಿ, ಎಸ್‌ಟಿವಾಲ್ ಎಂಬ ಮೂರು ಸಂಖ್ಯೆಗಳನ್ನು ಬಿಟ್ಟುಹೋಗುತ್ತದೆ. ಎಸ್‌ಕಾಸ್ 8 ಎಂದರೆ ಸಿಸ್ಟಮ್ ಕಾಲ್, 12 ಸೂಚನೆ ಓದುವಾಗಿನ ಪೇಜ್ ಫಾಲ್ಟ್ (ಪೇಜ್ ಟೇಬಲ್ ಅನುಮತಿಸದ ವಿಳಾಸವನ್ನು ಮುಟ್ಟಿದಾಗ ಬರುವ ತಡೆ), 13 ಮೆಮೊರಿ ಓದುವಾಗಿನದು, 15 ಬರೆಯುವಾಗಿನದು. ಈ ನಾಲ್ಕನ್ನು ಮೇಜಿನ ಮುಂದೆ ಅಂಟಿಸಿಕೊಳ್ಳಿ. ಎಸ್‌ಇಪಿಸಿಯ ವಿಳಾಸವನ್ನು ಕರ್ನಲ್‌ನ ಅಸೆಂಬ್ಲಿ ಫೈಲಿನಲ್ಲಿ ಹುಡುಕಿದರೆ ಸಿ ಕೋಡಿನ ಯಾವ ಸಾಲಿನಲ್ಲಿ ಬಿದ್ದಿತೆಂದು ಸಿಗುತ್ತದೆ. ಎಸ್‌ಟಿವಾಲ್ ಯಾವ ವಿಳಾಸವನ್ನು ಮುಟ್ಟಲು ಹೋಗಿತ್ತೆಂದು ಹೇಳುತ್ತದೆ, ಮತ್ತು ಅದರಲ್ಲೇ ಒಂದು ಗುಟ್ಟಿದೆ. ಎಕ್ಸ್‌ವಿ6 ಬಿಡುಗಡೆ ಮಾಡಿದ ಪ್ರತಿ ಪುಟಕ್ಕೂ 01 ಎಂಬ ಬೈಟನ್ನೂ, ಹೊಸದಾಗಿ ಕೊಡುವ ಪ್ರತಿ ಪುಟಕ್ಕೂ 05 ಎಂಬ ಬೈಟನ್ನೂ ಉದ್ದಕ್ಕೂ ತುಂಬುತ್ತದೆ. ಯಾವುದೋ ಪಾಯಿಂಟರ್‌ನ ಒಳಗೆ ಹೆಕ್ಸಾಡೆಸಿಮಲ್‌ನಲ್ಲಿ 0505050505050505 ಕಂಡರೆ, ಪುಟ ಪಡೆದವರು ಅದನ್ನು ಸೊನ್ನೆ ಮಾಡದೆ ಬಳಸಿದ್ದಾರೆ. 0101 ಸಾಲು ಕಂಡರೆ, ಬಿಟ್ಟುಕೊಟ್ಟ ಪುಟವನ್ನು ಇನ್ನೂ ಯಾರೋ ಹಿಡಿದುಕೊಂಡಿದ್ದಾರೆ. ಈ ಕಸ ತುಂಬುವ ಎರಡು ಸಾಲನ್ನು ವೇಗಕ್ಕಾಗಿ ತೆಗೆದುಹಾಕಲು ಮನಸ್ಸಾಗುತ್ತದೆ. ತೆಗೆಯಬೇಡಿ.

ಎಲ್ಲಕ್ಕಿಂತ ಹೆಚ್ಚು ದಿನ ತಿಂದದ್ದು ಕಾಪಿ-ಆನ್-ರೈಟ್ ಅಭ್ಯಾಸ. ಫೋರ್ಕ್ ಮಾಡಿದಾಗ ತಾಯಿಯ ಪುಟಗಳನ್ನೆಲ್ಲ ನಕಲು ಮಾಡದೆ, ಇಬ್ಬರಿಗೂ ಅದೇ ಪುಟವನ್ನು ಓದಲು ಮಾತ್ರ ಕೊಟ್ಟು, ಯಾರಾದರೂ ಬರೆಯಲು ಹೋದಾಗ ಬರುವ ಫಾಲ್ಟಿನಲ್ಲಿ ನಕಲು ಮಾಡಿಕೊಡುವುದು. ಹೇಳಲು ಒಂದು ವಾಕ್ಯ. ಆದರೆ ಪ್ರತಿ ಪುಟವನ್ನು ಎಷ್ಟು ಜನ ಹಿಡಿದಿದ್ದಾರೆಂಬ ಲೆಕ್ಕ ಇಡಬೇಕು. ಮೊದಲಿನಿಂದಲೇ ಓದಲು ಮಾತ್ರ ಇದ್ದ ಪುಟ ಈ ನೆಪದಲ್ಲಿ ಬರೆಯಬಲ್ಲದ್ದಾಗಬಾರದು, ಅದಕ್ಕಾಗಿ ನಮೂದಿನಲ್ಲಿ ಸಾಫ್ಟ್‌ವೇರ್‌ಗೆಂದೇ ಬಿಟ್ಟಿರುವ ಬಿಟ್ ಒಂದರಲ್ಲಿ ಗುರುತು ಹಾಕಿಕೊಳ್ಳಬೇಕು. ಇವೆಲ್ಲ ಊಹಿಸಬಹುದಾದವು. ಊಹೆಗೆ ಸಿಗದಿರುವುದು ಇದು: ರೀಡ್ ಸಿಸ್ಟಮ್ ಕಾಲ್‌ನ ಫಲಿತಾಂಶವನ್ನು ಬಳಕೆದಾರನ ಪುಟಕ್ಕೆ ಬರೆಯುವುದು ಕರ್ನಲ್. ಅದು ಬಳಕೆದಾರನ ಪೇಜ್ ಟೇಬಲ್ಲನ್ನು ಕೋಡಿನಲ್ಲೇ ಇಳಿದು ಭೌತಿಕ ವಿಳಾಸ ಕಂಡುಕೊಂಡು, ತನ್ನ ನೇರ ಜೋಡಣೆಯ ಮೂಲಕ ಬರೆಯುತ್ತದೆ. ಅಲ್ಲಿ ಬಳಕೆದಾರನ ಅನುಮತಿಯ ಬಿಟ್‌ಗಳನ್ನು ಯಂತ್ರ ನೋಡುವುದೇ ಇಲ್ಲ, ಫಾಲ್ಟ್ ಬರುವುದೇ ಇಲ್ಲ. ಆದ್ದರಿಂದ ಆ ದಾರಿಯಲ್ಲೂ ನಾವೇ ತಪಾಸಣೆ ಮಾಡಿ ನಕಲು ಮಾಡಬೇಕು. ಮತ್ತೆ ದಾಟುವ ಜಾಗವೇ, ಆದರೆ ಬಾಗಿಲು ಎರಡಿವೆ ಎಂದು ಯಾರೂ ಹೇಳಿರುವುದಿಲ್ಲ.

ಇದರ ಜೊತೆಗೆ ಕಾಯುವುದು. ಯೂಸರ್‌ಟೆಸ್ಟ್ಸ್ ಎಂಬ ದೊಡ್ಡ ಪರೀಕ್ಷೆ ನನ್ನ ಯಂತ್ರದಲ್ಲಿ ಒಂದು ಚಹಾ ಮಾಡಿ ಕುಡಿದು ಮುಗಿಸುವಷ್ಟು ಹೊತ್ತು ಓಡುತ್ತಿತ್ತು. ಒಂದೊಂದು ಪರೀಕ್ಷೆಯೂ ‘ಓಕೆ’ ಎನ್ನುತ್ತ ಹೋಗಿ, ಎಲ್ಲ ಮುಗಿದ ಮೇಲೆ, ಕೆಲವು ಖಾಲಿ ಪುಟಗಳು ಕಳೆದುಹೋಗಿವೆ ಎಂಬ ಒಂದೇ ಸಾಲಿನೊಂದಿಗೆ ಅದು ಅನುತ್ತೀರ್ಣ ಮಾಡುತ್ತದೆ. ಯಾವ ಪರೀಕ್ಷೆ ಪುಟ ತಿಂದಿತೆಂದು ಅದು ಹೇಳುವುದಿಲ್ಲ. ಒಂದು ಪರೀಕ್ಷೆಯ ಹೆಸರು ಕೊಟ್ಟು ಅದನ್ನಷ್ಟೇ ಓಡಿಸಬಹುದು, ಕ್ಯೂ ಆಯ್ಕೆ ಕೊಟ್ಟರೆ ನಿಧಾನದ ಪರೀಕ್ಷೆಗಳನ್ನು ಬಿಟ್ಟು ಓಡುತ್ತದೆ. ಇವೆರಡನ್ನೂ ಮೊದಲ ದಿನವೇ ತಿಳಿದಿರುವುದು ಒಳ್ಳೆಯದು. ಅಂಕ ಹಾಕುವ ಸ್ಕ್ರಿಪ್ಟ್‌ಗೆ ಸಮಯದ ಮಿತಿ ಇದೆ, ನಿಧಾನದ ಲ್ಯಾಪ್‌ಟಾಪಿನಲ್ಲಿ ಸರಿಯಾದ ಕೋಡ್ ಕೂಡ ಅಲ್ಲಿ ಸೋಲುತ್ತದೆ. ಮಿತಿಯನ್ನು ಹೆಚ್ಚಿಸಿಕೊಂಡು ನೋಡಿ, ಆಮೇಲೆ ತಲೆ ಕೆಡಿಸಿಕೊಳ್ಳಿ.

ಎಕ್ಸ್‌ವಿ6 ಸಾಮಾನ್ಯವಾಗಿ 3 ಸಿಪಿಯು ಇರುವಂತೆ ಓಡುತ್ತದೆ. ಪರೀಕ್ಷೆ ಒಮ್ಮೆ ಪಾಸಾಗಿ ಇನ್ನೊಮ್ಮೆ ಬಿದ್ದರೆ ಮೊದಲು ಮಾಡಬೇಕಾದದ್ದು, ಸಿಪಿಯು ಸಂಖ್ಯೆಯನ್ನು 1ಕ್ಕೆ ಇಳಿಸಿ ಓಡಿಸುವುದು. ಆಗಲೂ ಬಿದ್ದರೆ ತರ್ಕದ ದೋಷ. ಒಂದರಲ್ಲಿ ಪದೇಪದೇ ಪಾಸಾಗಿ ಮೂರರಲ್ಲಿ ಬಿದ್ದರೆ ಹೆಚ್ಚಾಗಿ ಲಾಕ್‌ನ (ಒಂದು ಡೇಟಾವನ್ನು ಒಮ್ಮೆಗೆ ಒಬ್ಬರೇ ಮುಟ್ಟುವಂತೆ ಹಾಕುವ ಬೀಗದ) ದೋಷ. ಪುಟಗಳನ್ನು ಹಿಡಿದವರ ಲೆಕ್ಕವನ್ನು ಇಬ್ಬರು ಒಟ್ಟಿಗೆ ತಿದ್ದಿದರೆ ಏನಾಗುತ್ತದೆಂಬುದನ್ನು ಕಣ್ಣಾರೆ ಕಂಡದ್ದು ಹೀಗೆ. ದೋಷ ಹುಡುಕಲು ಪ್ರಿಂಟ್‌ಎಫ್ ಸೇರಿಸಿದರೆ ದೋಷವೇ ಮಾಯವಾಗುತ್ತದೆ, ಯಾಕೆಂದರೆ ಪ್ರಿಂಟ್‌ಎಫ್‌ಗೂ ಒಂದು ಲಾಕ್ ಇದೆ, ಅದು ಸಿಪಿಯುಗಳನ್ನು ಸಾಲಿನಲ್ಲಿ ನಿಲ್ಲಿಸಿಬಿಡುತ್ತದೆ. ಅಂಥ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ ಮಲಗುವುದು ಉತ್ತಮ.

ಎರಡನೆಯ ದಾಟುವಿಕೆ, ಒಂದು ಪ್ರೊಸೆಸ್‌ನಿಂದ ಇನ್ನೊಂದಕ್ಕೆ ಹೋಗುವ ಸ್ವಿಚ್ ಎಂಬ ಅಸೆಂಬ್ಲಿ ತುಣುಕು. ಯುನಿಕ್ಸ್ ಆರನೇ ಆವೃತ್ತಿಯಲ್ಲಿ ಇದೇ ಜಾಗದ ಪಕ್ಕದಲ್ಲಿ, ನಿಮಗೆ ಇದು ಅರ್ಥವಾಗಬೇಕೆಂಬ ನಿರೀಕ್ಷೆ ಇಲ್ಲ ಎಂಬ ಟಿಪ್ಪಣಿ ಇತ್ತು. ಎಕ್ಸ್‌ವಿ6ನಲ್ಲಿ ಅಷ್ಟು ಹೆದರಬೇಕಾಗಿಲ್ಲ. 14 ರಿಜಿಸ್ಟರ್‌ಗಳನ್ನು ಹಳೆಯವರ ಜಾಗಕ್ಕೆ ಬರೆದು, ಹೊಸಬರ 14ನ್ನು ತುಂಬಿ, ರಿಟರ್ನ್ ಮಾಡುತ್ತದೆ. ಉಳಿದ ರಿಜಿಸ್ಟರ್‌ಗಳನ್ನು ಯಾಕೆ ಉಳಿಸುವುದಿಲ್ಲ ಎಂದರೆ, ಇದನ್ನು ಕರೆದ ಸಿ ಫಂಕ್ಷನ್‌ಗಾಗಿ ಕಂಪೈಲರ್ ಅವುಗಳನ್ನು ಆಗಲೇ ಸ್ಟ್ಯಾಕಿನ ಮೇಲೆ ಇಟ್ಟಿರುತ್ತದೆ. ವಿಚಿತ್ರವಿರುವುದು ಕರೆದವರು ಒಬ್ಬರು, ರಿಟರ್ನ್ ಆಗುವುದು ಇನ್ನೊಬ್ಬರಿಗೆ ಎಂಬುದರಲ್ಲಿ. ಸಿಪಿಯು ಬಿಟ್ಟುಕೊಡುವ ಯೀಲ್ಡ್ ಫಂಕ್ಷನ್ ತನ್ನ ಪ್ರೊಸೆಸ್‌ನ ಲಾಕ್ ಹಾಕಿಕೊಂಡು ಸ್ವಿಚ್ ಮಾಡುತ್ತದೆ, ಆ ಲಾಕನ್ನು ತೆಗೆಯುವುದು ಮುಂದೆ ಯಾರು ಓಡಬೇಕೆಂದು ಆರಿಸುವ ಶೆಡ್ಯೂಲರ್. ಲಾಕ್ ಹಾಕಿದವರೇ ತೆಗೆಯಬೇಕೆಂದು ಕಲಿತುಬಂದ ಕಣ್ಣಿಗೆ ಇದು ದೋಷದಂತೆ ಕಾಣುತ್ತದೆ. ಹಾಗೆ ಮಾಡದಿದ್ದರೆ, ಒಬ್ಬ ಇನ್ನೂ ತನ್ನ ಸ್ಟ್ಯಾಕಿನ ಮೇಲೆ ಇರುವಾಗಲೇ ಇನ್ನೊಂದು ಸಿಪಿಯು ಅದೇ ಪ್ರೊಸೆಸ್ಸನ್ನು ಎತ್ತಿಕೊಂಡು ಓಡಿಸಿಬಿಡಬಹುದು, ಒಂದೇ ಸ್ಟ್ಯಾಕಿನ ಮೇಲೆ ಎರಡು ಸಿಪಿಯು ಓಡುತ್ತವೆ. ಎಂದೂ ಓಡಿರದ ಹೊಸ ಪ್ರೊಸೆಸ್‌ಗೆ ರಿಟರ್ನ್ ಆಗಲು ಜಾಗವೇ ಇಲ್ಲವಲ್ಲ ಎಂಬ ಪ್ರಶ್ನೆಗೆ, ಫೋರ್ಕ್‌ರೆಟ್ ಎಂಬ ಫಂಕ್ಷನ್‌ನ ವಿಳಾಸವನ್ನು ಮೊದಲೇ ಅದರ ಜಾಗದಲ್ಲಿ ಬರೆದು ಹಿಂದೆ ಓಡಿದ್ದಂತೆ ನಟಿಸುವುದೇ ಉತ್ತರ.

ಸ್ಲೀಪ್ ಮತ್ತು ವೇಕಪ್ ಇದಕ್ಕೆ ಸೇರಿದ ಇನ್ನೊಂದು ಕಗ್ಗಂಟು. ಪೈಪ್ ಖಾಲಿಯಿದೆ ಎಂದು ನೋಡಿ ಮಲಗಲು ಹೊರಟವನಿಗೂ, ಈಗಷ್ಟೇ ಬರೆದು ಎಬ್ಬಿಸಲು ಬಂದವನಿಗೂ ನಡುವೆ ಒಂದು ಸಣ್ಣ ಸಂದು ಉಳಿದರೆ, ಎಬ್ಬಿಸುವ ಕರೆ ಇನ್ನೂ ಮಲಗದವನನ್ನು ದಾಟಿ ಹೋಗುತ್ತದೆ, ಅವನು ಆಮೇಲೆ ಮಲಗಿ ಎಂದೆಂದಿಗೂ ಏಳುವುದಿಲ್ಲ. ಅದಕ್ಕೇ ಸ್ಲೀಪ್ ಫಂಕ್ಷನ್ ಲಾಕನ್ನೂ ಕೇಳುತ್ತದೆ: ಮೊದಲು ಪ್ರೊಸೆಸ್‌ನ ಲಾಕ್ ಹಿಡಿದು, ಆನಂತರವೇ ಕೊಟ್ಟ ಲಾಕ್ ಬಿಡುತ್ತದೆ, ಎಬ್ಬಿಸುವವರು ಒಳನುಗ್ಗಲು ಎಡೆಯಿಲ್ಲ. ಎದ್ದವರು ಷರತ್ತನ್ನು ಮತ್ತೆ ಪರೀಕ್ಷಿಸಬೇಕು, ಏಕೆಂದರೆ ವೇಕಪ್ ಆ ಚಾನೆಲ್‌ನಲ್ಲಿ, ಅಂದರೆ ಅದೇ ಒಂದಕ್ಕಾಗಿ ಕಾಯುತ್ತ, ಮಲಗಿದ್ದ ಎಲ್ಲರನ್ನೂ ಎಬ್ಬಿಸುತ್ತದೆ ಮತ್ತು ಡೇಟಾ ಒಬ್ಬನಿಗೆ ಮಾತ್ರ ಸಿಕ್ಕಿರಬಹುದು.

ಫೈಲ್ ಸಿಸ್ಟಮ್ ನನಗೆ ಇವುಗಳಿಗಿಂತ ಹಗುರವೆನಿಸಿತು. ಒಂದು ಫೈಲಿಗೆ 12 ನೇರ ಬ್ಲಾಕು, 256 ಪರೋಕ್ಷ ಬ್ಲಾಕು (ಇವುಗಳ ವಿಳಾಸ ಬೇರೊಂದು ಬ್ಲಾಕಿನೊಳಗೆ ಇರುತ್ತದೆ) ಸೇರಿ 268 ಬ್ಲಾಕಿನ ಮಿತಿಯಿದೆ, ಬ್ಲಾಕಿಗೆ 1024 ಬೈಟು. ಒಂದು ನೇರ ಬ್ಲಾಕನ್ನು ತ್ಯಾಗ ಮಾಡಿ ಎರಡು ಹಂತದ ಪರೋಕ್ಷ ಬ್ಲಾಕ್ ಸೇರಿಸಿದರೆ ಮಿತಿ 65803ಕ್ಕೆ ಏರುತ್ತದೆ. ಈ ಅಂಕಿಗಳನ್ನು ಬದಲಿಸಿದ ಮೇಲೆ ಹಳೆಯ ಡಿಸ್ಕ್ ಚಿತ್ರದ ಫೈಲನ್ನು ಅಳಿಸಿ ಹೊಸದಾಗಿ ಕಟ್ಟಬೇಕು, ಇಲ್ಲದಿದ್ದರೆ ಹೊಸ ಕರ್ನಲ್ ಹಳೆಯ ವಿನ್ಯಾಸದ ಡಿಸ್ಕನ್ನು ಓದಿ ಅರ್ಥವಿಲ್ಲದ ರೀತಿಯಲ್ಲಿ ಕೆಡುತ್ತದೆ. ಇಲ್ಲಿನ ಸ್ವಾರಸ್ಯ ಲಾಗ್‌ನಲ್ಲಿದೆ. ಬದಲಾದ ಬ್ಲಾಕುಗಳನ್ನು ಮೊದಲು ಲಾಗಿಗೆ ಬರೆದು, ಆಮೇಲೆ ಎಷ್ಟು ಬ್ಲಾಕೆಂಬ ಸಂಖ್ಯೆ ಇರುವ ಹೆಡರ್ ಬರೆಯುತ್ತಾರೆ. ಆ ಒಂದು ಬ್ಲಾಕ್ ಡಿಸ್ಕನ್ನು ಮುಟ್ಟುವ ಕ್ಷಣವೇ ಮೆಮೊರಿಯಿಂದ ಡಿಸ್ಕಿಗೆ ದಾಟುವ ಗೆರೆ: ಅದಕ್ಕೆ ಮುಂಚೆ ಕರೆಂಟ್ ಹೋದರೆ ಏನೂ ನಡೆದೇ ಇಲ್ಲ, ನಂತರ ಹೋದರೆ ಮುಂದಿನ ಬೂಟ್‌ನಲ್ಲಿ ಲಾಗ್ ಓದಿ ಕೆಲಸ ಪೂರ್ಣವಾಗುತ್ತದೆ. ಜಿಡಿಬಿಯಲ್ಲಿ ಹೆಡರ್ ಬರೆಯುವ ಸಾಲಿನ ಹಿಂದೆ ಒಮ್ಮೆ, ಮುಂದೆ ಒಮ್ಮೆ ಕ್ಯೂಎಮುವನ್ನು ಕೊಂದು ಮತ್ತೆ ಬೂಟ್ ಮಾಡಿ ನೋಡಿ, ಫೈಲು ಇಲ್ಲದಿರುವುದೂ ಇರುವುದೂ ಕಾಣುತ್ತದೆ.

ಖರ್ಚಿನ ವಿಷಯ ಕೇಳುವವರಿಗೆ: ಜೆರಾಕ್ಸ್, ಇಂಟರ್ನೆಟ್ ಡೇಟಾ, ಮತ್ತು ಲ್ಯಾಪ್‌ಟಾಪಿನ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಹಾಕಿಸಿದ ಒಂದು ಎಸ್‌ಎಸ್‌ಡಿ. 8 ಜಿಬಿ ರ‍್ಯಾಮ್ ಧಾರಾಳ. ಎಕ್ಸ್‌ವಿ6ಗೆ ಕ್ಯೂಎಮು ಕೊಡುವುದು 128 ಎಂಬಿ ಮಾತ್ರ. ರಿಸ್ಕ್-ಫೈವ್ ಬೋರ್ಡ್ ಕೊಳ್ಳುವ ಆಸೆ ಹುಟ್ಟುತ್ತದೆ, ಈಗಲೇ ಬೇಡ. ಎಕ್ಸ್‌ವಿ6 ಕ್ಯೂಎಮುವಿನ ಕಾಲ್ಪನಿಕ ಬೋರ್ಡಿಗೆ ಬರೆದದ್ದು. ಸೀರಿಯಲ್ ಪೋರ್ಟಿನ ವಿಳಾಸ, ಡಿಸ್ಕ್ ಮುಂತಾದವು ನಿಜವಾದ ಬೋರ್ಡಿನಲ್ಲಿ ಬೇರೆ ಇರುತ್ತವೆ, ಡಿಸ್ಕ್ ಡ್ರೈವರ್ ಹೊಸದಾಗಿ ಬರೆಯಬೇಕು. ಬರ್ಕ್ಲಿಯಲ್ಲಿ 2010ರಲ್ಲಿ ಶುರುವಾದ ಈ ರಿಸ್ಕ್-ಫೈವ್ ಈಗ ಮದ್ರಾಸ್ ಐಐಟಿಯ ‘ಶಕ್ತಿ’, ಸಿ-ಡ್ಯಾಕ್‌ನ ‘ವೇಗ’ ಎಂಬ ಪ್ರೊಸೆಸರ್‌ಗಳ ಅಡಿಪಾಯವೂ ಆಗಿದೆ, ಹಾಗಾಗಿ ಇಲ್ಲಿ ಕಲಿತ ಟ್ರ್ಯಾಪ್, ಪೇಜ್ ಟೇಬಲ್ ಅಲ್ಲಿಗೂ ಒದಗುತ್ತದೆ.

ನಾನು ಬಿಟ್ಟದ್ದು ಇಂಟೆಲ್‌ನ ಇ1000 ನೆಟ್‌ವರ್ಕ್ ಕಾರ್ಡಿನ ಡ್ರೈವರ್. ಇನ್ನೊಂದು ಕೈಪಿಡಿ ಓದುವ ತಾಳ್ಮೆ ಉಳಿದಿರಲಿಲ್ಲ, ಅದರ ಮೇಲೆ ಬೇರಾವ ಅಭ್ಯಾಸವೂ ನಿಂತಿಲ್ಲ. ಕೊನೆಯ ಎಂಮ್ಯಾಪ್ ಅಭ್ಯಾಸ ಮಾತ್ರ ತಪ್ಪಿಸಬೇಡಿ. ಫೈಲನ್ನು ಮೆಮೊರಿಯ ಭಾಗವಾಗಿ ಕಾಣಿಸುವ ಅದರಲ್ಲಿ ಪೇಜ್ ಫಾಲ್ಟ್, ಫೋರ್ಕ್, ಫೈಲ್ ಸಿಸ್ಟಮ್ ಮೂರೂ ಒಟ್ಟಿಗೆ ಕೈಗೆ ಬರುತ್ತವೆ, ಮತ್ತು ಮೊದಲು ಟ್ರ್ಯಾಪ್‌ನಲ್ಲಿ ವಾರಗಟ್ಟಲೆ ಒದ್ದಾಡಿದವರಿಗೆ ಇದು ಅಷ್ಟು ಹೊತ್ತು ಹಿಡಿಯುವುದಿಲ್ಲ. ಇಡೀ ಸರಣಿಗೆ ಸಮಯವಿಲ್ಲದವರು ಪೇಜ್ ಟೇಬಲ್, ಟ್ರ್ಯಾಪ್, ಕಾಪಿ-ಆನ್-ರೈಟ್ ಈ ಮೂರನ್ನು ಇದೇ ಕ್ರಮದಲ್ಲಿ ಮಾಡಿ, ಶೆಡ್ಯೂಲರ್ ಅಧ್ಯಾಯವನ್ನು ಓದಿ ಬಿಡಬಹುದು. ಲಾಕ್ ಅಭ್ಯಾಸವನ್ನು ಪರೀಕ್ಷೆ, ಮದುವೆ, ಊರ ಹಬ್ಬಗಳ ನಡುವಿನ ಬಿಡಿ ಗಂಟೆಗಳಲ್ಲಿ ಮಾಡಲು ಹೋಗಬೇಡಿ. ಯಾವ ಲಾಕ್ ಯಾರ ಕೈಯಲ್ಲಿದೆ ಎಂಬ ಚಿತ್ರ ತಲೆಯಲ್ಲಿ ಕಟ್ಟಿಕೊಳ್ಳಲೇ ಒಂದು ಗಂಟೆ ಬೇಕು, ಅದಕ್ಕೆ ಒಂದು ಇಡೀ ಭಾನುವಾರವನ್ನು ತೆಗೆದಿಡಿ.